ಎದೆಗೂ ಒಬ್ಬ ತಾಳದವನು

ಮಲ್ಲಟದ ಭಜನಾ ಮೇಳದಲ್ಲಿ ವಿರೂಪಣ್ಣ ಮೂವತ್ತು ವರ್ಷ ತಾಳ ಹಿಡಿದವನು. ಹಗಲು ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವ ಸಾದಾ ಮನುಷ್ಯ. ಸೋಮವಾರ ಸಂಜೆ ಕಂಚಿನ ತಾಳ ಕೈಗೆ ಬಂತೆಂದರೆ ದಂಡನಾಯಕ. ಶತ್ರು ಒಬ್ಬನೇ, ದೇವದುರ್ಗದಿಂದ ಬರುವ ತಬಲಾದ ಮೌನೇಶ. ಪದ ರಂಗೇರಿದರೆ ಮೌನೇಶನ ಬೆರಳು ಲಗಾಮು ಹರಿದ ಕುದುರೆ. ವಿರೂಪಣ್ಣ ಕೂಗಾಡುವವನಲ್ಲ. ಮೌನೇಶನಿಗಿಂತ ಕೂದಲೆಳೆಯಷ್ಟು ಜೋರಾಗಿ ಬಾರಿಸಿ ಅವನ ಮುಂದೆ ಓಡುತ್ತಾನೆ. ಹದಿನಾರನೇ ಪೆಟ್ಟಿಗೆ ತಾಳವನ್ನು ತಲೆಯ ಮೇಲೆತ್ತಿ ಗಪ್ಪನೆ ನಿಲ್ಲುತ್ತಾನೆ. ಮೌನೇಶ ತಬ್ಬಿಬ್ಬಾಗಿ ಹಳೆಯ ನಡೆಗೆ ಬರುತ್ತಾನೆ.

ಇಂಥ ವೀರನ ಎದೆಯೇ ಆಷಾಢದಲ್ಲಿ ಓಟ ಕಿತ್ತಿತು. ಗಿರಣಿಯಲ್ಲೇ ಕಣ್ಣು ಕತ್ತಲಾಗಿ ಬಿದ್ದ. ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ವೇದಶ್ರೀ ಎಡ ಹೆಗಲ ಕೆಳಗೆ, ಚರ್ಮದೊಳಗೆ ಬೆಂಕಿಪೊಟ್ಟಣದಂಥ ಒಂದು ಮಿಷನ್ ಇಟ್ಟರು.

“ಎದಿ ಓಡಾಕ ಹತ್ತಿದ್ರ ಇದು ಅದಕ್ಕಿಂತ ಒಂಚೂರು ಜೋರಾಗಿ ಸಣ್ಣ ಸಣ್ಣ ಕರೆಂಟ್ ಬಡೀತದ, ಆಮ್ಯಾಲ ಗಪ್ ಅಂತ ನಿಲ್ತದ. ಎದಿ ತನ್ನ ನಡಿಗಿಗೆ ಬರ್ತದ,” ಎಂದರು.

“ಅಯ್ಯ ಮೇಡಂ, ಮೌನೇಶನ್ನ ನಾ ಹಿಡಿಯೋ ರೀತಿ ಅಲ್ಲೇನ್ರೀ ಇದು! ಅದಕ್ಕೂ ಬಗ್ಗಲಿಲ್ಲಂದ್ರ?”

“ಒಂದು ದೊಡ್ಡ ಝಟಕಾ ಕೊಡ್ತದ.”

“ನಾನೂ ಅವನ ಬೆನ್ನಿಗೆ ಗುದ್ದತೀನ್ರಿ.”

ಆರು ವಾರ ಎಡಗೈ ಭುಜಕ್ಕಿಂತ ಮೇಲೆ ಏಳಬಾರದು ಎಂದು ಅಪ್ಪಣೆಯಾಯಿತು. ಹೆಂಡತಿ ಅನ್ನಮ್ಮ ಮನೆಗೆ ಬಂದವಳೇ ತಾಳವನ್ನು ಜೋಳದ ಡಬ್ಬಿಯಲ್ಲಿ ಹೂತಳು. ಶ್ರಾವಣದ ಸೋಮವಾರ ಗಬ್ಬೂರಿನಲ್ಲಿ ಭಜನೆ. ತಾಳಕ್ಕೆ ಬೇರೊಬ್ಬ ಕುಳಿತರೆ ಮೂವತ್ತು ವರ್ಷದ ಗಾದಿ ಹೋದಂತೆ. “ಬರೇ ಕೇಳಾಕ ಹೊಂಟೀನಿ” ಎಂದು ಬಸ್ ಹತ್ತಿದ.

ಅರ್ಧ ಪದ ಮಾತ್ರ ಕೇಳಿದ. ಮೌನೇಶ ಓಡತೊಡಗಿದ್ದೇ ತಡ, ತನ್ನ ಬದಲಿಗೆ ಕುಳಿತಿದ್ದ ಗುಡುಸಾಬನ ಕೈಯಿಂದ ತಾಳ ಕಿತ್ತುಕೊಂಡು ಯುದ್ಧಕ್ಕಿಳಿದ. ಎರಡೂ ಕೈ ತಲೆಯ ಮೇಲೆ! ಅಷ್ಟರಲ್ಲಿ ಎದೆಯೂ ಮೌನೇಶನ ಪಕ್ಷ ಸೇರಿ ದೌಡಾಯಿಸಿತು. ಕಣ್ಣು ಮಂಜಾಯಿತು. ಒಳಗೆ ಏನೋ ಪಟಪಟ ಬಡಿದು ನಿಂತಿತು. ಎದೆ ತಣ್ಣಗಾಯಿತು, ಮೌನೇಶನೂ. ಯಾರಿಗೂ ತಿಳಿಯಲಿಲ್ಲ ಎಂದುಕೊಂಡ.

ಮುಂದಿನ ವಾರ ತಪಾಸಣೆ. ವೇದಶ್ರೀ ಎದೆಯ ಮೇಲೊಂದು ಬಿಲ್ಲೆ ಹಿಡಿದು ಪರದೆ ನೋಡಿದರು.

“ಸೋಮವಾರ ಸಂಜಿ ಏಳೂ ಇಪ್ಪತ್ತಕ್ಕ ಏನ್ ಮಾಡಾಕತ್ತಿದ್ರಿ?”

“ಭಜನಿ ಕೇಳಾಕತ್ತಿದ್ರು,” ಎಂದಳು ಅನ್ನಮ್ಮ.

“ಎದಿ ನಿಮಿಷಕ್ಕ ನೂರಾ ತೊಂಬತ್ತು ಓಡೇದ. ಮಿಷನ್ ಎಂಟು ಪೆಟ್ಟಿನಾಗ ಹಿಡದದ.”

“ಎಂಟೇ?” ವಿರೂಪಣ್ಣನ ಬಾಯಿ ಜಾರಿತು. “ಅವತ್ತು ಮೌನೇಶನ್ನ ಹಿಡಿಯಾಕ ನನಗ ಹದಿನಾರು ಬೇಕಾತು!”

ಅನ್ನಮ್ಮ ಗಂಡನತ್ತ ತಿರುಗಿದಳು.

“ಎದಿಯೊಳಗ ಕುಂತು ಚಾಡಿ ಹೇಳ್ತದಲ್ಲ ಇದು,” ಎಂದು ಗೊಣಗಿದ.

“ನೀವು ಹೇಳಲಿಲ್ಲ, ಅದು ಹೇಳ್ತು,” ಎಂದಳು ಅನ್ನಮ್ಮ.

ವೇದಶ್ರೀ ಗುಳಿಗೆ ಹೆಚ್ಚಿಸಿದರು. ಎರಡು ವಾರದ ನಂತರ ಕೂತು, ಕೈ ಕೆಳಗಿಟ್ಟು ಬಾರಿಸಬಹುದು ಎಂದರು.

“ಅಲ್ಲೀತನಕ ತಾಳ ನನ್ನ ಕೈಯಾಗ,” ಎಂದಳು ಅನ್ನಮ್ಮ.

ಮಾತಿಗೆ ಹೇಳಿದಳು ಎಂದುಕೊಂಡಿದ್ದ. ಸೋಮವಾರ ಅವಳು ನಿಜವಾಗಿಯೂ ತಾಳ ಹಿಡಿದು ಮೇಳದ ನಡುವೆ ಕುಳಿತಳು. ಮೂವತ್ತು ವರ್ಷ ಕೇಳಿದ ಕಿವಿ ಅದು. ಮೌನೇಶ ಓಡಿದ, ಅನ್ನಮ್ಮ ಕೂದಲೆಳೆ ಮುಂದೆ ಹೋಗಿ, ಗಪ್ಪನೆ ನಿಂತಳು. ವಿರೂಪಣ್ಣ ಬೆರಳ ಮೇಲೆ ಎಣಿಸಿದ. ಹನ್ನೆರಡೇ ಪೆಟ್ಟು.

ಎರಡು ವಾರ ಮುಗಿದು ತಿಂಗಳಾಯಿತು. ತಾಳ ಕೊಡು ಎಂದು ಅವನು ಕೇಳಿಲ್ಲ. ಅವನಿಗೆ ಕೊಡಿ ಎಂದು ಮೇಳದವರೂ ಅವಳಿಗೆ ಹೇಳಿಲ್ಲ. ವಿರೂಪಣ್ಣ ಈಗ ಹಿಂದಿನ ಸಾಲಿನಲ್ಲಿ ನಿಜವಾಗಿಯೂ ಬರೇ ಕೇಳುತ್ತಾನೆ.