ಬಾಗಿಲ ಪಕ್ಕದ ಬುಗುರಿ

ಸುಗಂಧದ ಕೌಂಟರಿನ ಆ ಹೆಂಗಸು ಬಂದ ಗಿರಾಕಿಗಳ ಜೊತೆ ಜಗಳವಾಡಿ ಅಂಗಡಿಯಿಂದ ಆಚೆ ಅಟ್ಟುತ್ತಾಳೆ ಎಂದೇ ಈ ಸಾಲುಗಳನ್ನು ಬರೆಯುತ್ತಿರುವವನು ಬಹಳ ದಿನ ನಂಬಿದ್ದ. ನಂಬದೆ ಇನ್ನೇನು? ಎದುರಿನ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಗಾಜಿನ ಬಾಗಿಲಿನಾಚೆ ಕಾಣುತ್ತಿದ್ದುದು ಇಷ್ಟೇ: ಯಾರೋ ಒಬ್ಬಳು ಒಳಗೆ ಹೋಗುತ್ತಾಳೆ, ಈಕೆ ಅವಳ ಮಣಿಕಟ್ಟು ಹಿಡಿಯುತ್ತಾಳೆ, ಏನೋ ಗದರುತ್ತಾಳೆ, ಬಾಗಿಲ ಕಡೆ ಬೆರಳು ತೋರಿಸುತ್ತಾಳೆ; ಬಂದವಳು ಬರಿಗೈಯಲ್ಲಿ ಬೀದಿಗಿಳಿಯುತ್ತಾಳೆ. ಇಂಥವಳನ್ನು ಇಟ್ಟುಕೊಂಡು ಈ ಅಂಗಡಿ ಎಷ್ಟು ದಿನ ಬಾಳೀತು ಎಂದು ಮರುಗಿ ಬಸ್ ಹತ್ತುವುದು ಅಭ್ಯಾಸವಾಗಿಬಿಟ್ಟಿತ್ತು. ಅಂಗಡಿ ಚೆನ್ನಾಗಿಯೇ ಬಾಳುತ್ತಿತ್ತು. ಅಟ್ಟಿಸಿಕೊಂಡವರು ಒಂದು ಸುತ್ತು ಹಾಕಿ, ಮಣಿಕಟ್ಟು ಮೂಸುತ್ತ ವಾಪಸು ಬರುವ ಹೊತ್ತಿಗೆ ಮರುಗುವವರ ಬಸ್ಸು ತಿರುವು ದಾಟಿರುತ್ತಿತ್ತು, ಅಷ್ಟೇ.

ಅಂಗಡಿಯವರು ಆಕೆಯನ್ನು ಬುಗುರಿ ಎಂದು ಕರೆಯುತ್ತಿದ್ದರು. ವಯಸ್ಸು ನಲವತ್ತು ದಾಟಿದ್ದರೂ ನಿಂತಲ್ಲಿ ನಿಲ್ಲುವುದು ಅವಳ ಹಣೆಯಲ್ಲಿ ಬರೆದಿರಲಿಲ್ಲ. ಹಲ್ಲಿನ ಡಾಕ್ಟರ ಮುಂಗೋಣೆಯಲ್ಲಿ ಕೂತು ನೋಡಿದ್ದಳು, ಗುಂಡಿ ಕಾರ್ಖಾನೆಯಲ್ಲಿ ಕೂತು ನೋಡಿದ್ದಳು, ಟೆಲಿಫೋನ್ ಮುಂದೆ ಕೂತು ನೋಡಿದ್ದಳು. ಎಲ್ಲ ಕಡೆಯೂ ಮೊದಲು ಕಾಲು ತುರಿಸಿ, ಆಮೇಲೆ ನಾಲಿಗೆ ತುರಿಸಿ, ಕೊನೆಗೆ ಕೆಲಸ ಹೋಗಿತ್ತು. ಸುಗಂಧದ ಕೌಂಟರಿಗೆ ಕುರ್ಚಿಯೇ ಇರಲಿಲ್ಲ. ಬಾಗಿಲ ಪಕ್ಕ, ಬೀದಿಯ ಗಾಳಿ, ಬರುವವರು, ಹೋಗುವವರು. ಜೀವಮಾನದಲ್ಲಿ ಮೊದಲ ಸಲ ಅವಳು ಒಂದು ಕಡೆ ಉಳಿದಿದ್ದಳು.

ಮನೆಯಲ್ಲಿ ಗಂಡ ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ನೊಣ ಬಂದು ಮೂಗಿನ ಮೇಲೆ ವಿಶ್ರಾಂತಿ ತೆಗೆದುಕೊಂಡು ಹೋದರೂ ಅಲುಗುವ ಪೈಕಿಯಲ್ಲ. “ನಿಮ್ಮಿಬ್ರನ್ನೂ ಕಲಸಿ ಎರಡು ಪಾಲು ಮಾಡಿದ್ರೆ ನನಗೆ ಎರಡು ನೆಟ್ಟಗಿರೋ ಮಕ್ಕಳು ಸಿಗ್ತಿದ್ರು” ಎಂದು ಅತ್ತೆ ಆಗಾಗ ನಿಟ್ಟುಸಿರಿಡುತ್ತಿದ್ದರು.

ಬುಗುರಿಯ ವ್ಯಾಪಾರದ ರೀತಿ ಒಂದೇ. ಮಣಿಕಟ್ಟಿಗೆ ಒಂದು ಸಲ ಚಿಮುಕಿಸುವುದು, ಆಮೇಲೆ ಗದರುವುದು: “ಈಗಲೇ ತಗೋಬೇಡಿ. ಈಗ ಬರ್ತಿರೋದು ಬರೀ ಹಣ್ಣಿನ ವಾಸನೆ, ಹೂವಿನ ವಾಸನೆ ಇನ್ನೂ ಎದ್ದಿಲ್ಲ. ಆ ಸೇತುವೆ ತನಕ ನಡೆದು ಬನ್ನಿ, ಹೋಗಿ.” ಇದರಲ್ಲಿ ಶಾಸ್ತ್ರ ಸ್ವಲ್ಪ ಇತ್ತು; ಹೆಚ್ಚಿಗೆ ಇದ್ದದ್ದು ಅವಳ ಸಂಕಟ. ಯಾರಾದರೂ ಎದುರಿಗೆ ನಿಂತು ಅದೋ ಇದೋ ಎಂದು ತಡಕಾಡತೊಡಗಿದರೆ ಅವಳ ಹಿಮ್ಮಡಿಯಲ್ಲಿ ಇರುವೆ ಹರಿದಂತಾಗುತ್ತಿತ್ತು. ಅವರನ್ನು ನಡೆಸಿದರೆ ತಾನೇ ನಡೆದಷ್ಟು ಹಾಯೆನಿಸುತ್ತಿತ್ತು. ಒಮ್ಮೊಮ್ಮೆ ತಡೆಯಲಾರದೆ ಅವರ ಜೊತೆ ತಾನೂ ಮೂಲೆಯ ತನಕ ಹೋಗಿಬಿಡುತ್ತಿದ್ದಳು.

ಹೀಗಿರುವಾಗ ಕೇಂದ್ರ ಕಚೇರಿಯಿಂದ ವ್ಯಕ್ತಿತ್ವ ತಜ್ಞರೊಬ್ಬರು ಬಂದರು. ಅಂಗಡಿಯ ಹೆಂಗಸರು ಅರ್ಧ ಗಂಟೆಯೊಳಗೆ ಅವರಿಗೆ ‘ವ್ಯಕ್ತಿತ್ವದ ಮೇಷ್ಟ್ರು’ ಎಂದು ಹೆಸರಿಟ್ಟರು. ಮೇಷ್ಟ್ರು ಹೊಸದಾಗಿ ಬಂದಿದ್ದ ಗುಲಾಬಿ ಬಣ್ಣದ ಸೀಸೆಯನ್ನು ಹಸುಗೂಸಿನಂತೆ ಎರಡು ಕೈಯಲ್ಲಿ ಎತ್ತಿ ಹಿಡಿದರು.

“ಇದು ಸೀಸೆಯಲ್ಲ. ಇದೊಂದು ಹೆಣ್ಣು! ಮೊದಲು ಪೀಚ್ ಹಣ್ಣಿನ ತುಂಟತನ, ಆಮೇಲೆ ಗುಲಾಬಿಯ ನಾಚಿಕೆ. ನಿರಾಳ ಮನಸ್ಸು, ಮೆಲುಮಾತು, ಸದಾ ಮುಗುಳ್ನಗೆ. ಇದನ್ನ ಮಾರೋರ ವ್ಯಕ್ತಿತ್ವವೂ ಹಾಗೇ ಇರಬೇಕು.”

ಇಷ್ಟು ಹೇಳುವುದರೊಳಗೆ ಬುಗುರಿ ಕೌಂಟರನ್ನು ಎರಡು ಸಲ ಒರೆಸಿ, ಅವರ ನೀರಿನ ಲೋಟವನ್ನು ಎಡಕ್ಕಿಟ್ಟು, ಮತ್ತೆ ಬಲಕ್ಕಿಟ್ಟು, ಬಾಗಿಲಿಗೆ ಬಂದವಳೊಬ್ಬಳನ್ನು ಸೇತುವೆಗೆ ಕಳಿಸಿಯೂ ಆಗಿತ್ತು. ಮೇಷ್ಟ್ರ ಮುಖ ಗಂಟಾಯಿತು.

“ಗಿರಾಕೀನ ಓಡಿಸ್ತೀರಾ? ನೋಡಿಯಮ್ಮ, ನೀವು ಈ ಸೀಸೆಗೆ ಒಪ್ಪೋದಿಲ್ಲ. ಶನಿವಾರ ಮತ್ತೆ ಬರ್ತೀನಿ. ಅಷ್ಟರಲ್ಲಿ ನಿಮ್ಮಲ್ಲಿ ನಿರಾಳತೆ ಕಾಣದಿದ್ರೆ ಪ್ಯಾಕಿಂಗ್ ಕೋಣೆಗೆ ಹೋಗ್ಬೇಕಾಗುತ್ತೆ.”

ಪ್ಯಾಕಿಂಗ್ ಕೋಣೆ ಎಂದರೆ ಹಿಂಭಾಗದಲ್ಲಿ ಕಿಟಕಿಯಿಲ್ಲದ ಗೂಡು. ಒಂದು ಸ್ಟೂಲು, ಹೊಳೆಯುವ ಕಾಗದದ ಸುರುಳಿ, ಕತ್ತರಿ. ಅಲ್ಲಿ ತಾನು ಮೊದಲು ಕಾಗದ ಕತ್ತರಿಸುತ್ತೇನೆ, ಆಮೇಲೆ ಯಾರ ಮೂಗು ಕತ್ತರಿಸುತ್ತೇನೋ ಎಂದು ಬುಗುರಿಗೆ ತನ್ನ ಮೇಲೆಯೇ ಭಯವಾಯಿತು.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಮೆಲ್ಲಗೆ ನಡೆದಳು, ಮೆಲ್ಲಗೆ ಮಾತಾಡಿದಳು, ಕನ್ನಡಿ ಮುಂದೆ ಮುಗುಳ್ನಕ್ಕಳು. ಅತ್ತೆ ಗಾಬರಿಯಾಗಿ ಹಣೆ ಮುಟ್ಟಿ ನೋಡಿದರು.

“ಜ್ವರ ಇಲ್ವಲ್ಲೇ! ಮತ್ಯಾಕೆ ಹಿಂಗೆ ತೇಲ್ತಿದೀಯ?”

“ನಿರಾಳವಾಗಿದೀನಿ, ಅತ್ತೆ.”

“ಅಯ್ಯೋ, ಯಾರಾದ್ರೂ ಹೋಗ್ಬಿಟ್ರಾ? ಇದ್ದದ್ದು ಹೇಳ್ಬಿಡು.”

ಗಂಡ ಭೂತಗನ್ನಡಿ ತೆಗೆಯದೆಯೇ ಅವಳ ಮುಗುಳ್ನಗೆಯನ್ನು ಸ್ವಲ್ಪ ಹೊತ್ತು ಪರೀಕ್ಷಿಸಿದ. “ಬಲಗಡೆ ಹಲ್ಲಾ ನೋವು?” ಎಂದ. ಆಮೇಲೆ ವಿಷಯ ತಿಳಿದು, ಅವನ ಲೆಕ್ಕಕ್ಕೆ ದೀರ್ಘವೇ ಆದ ಭಾಷಣ ಮಾಡಿದ: “ಕೂತು ಮಾಡೋ ಕೆಲಸ ಏನೂ ಕೆಟ್ಟದ್ದಲ್ಲ. ಆದ್ರೆ ನಿನಗಲ್ಲ.”

ಶನಿವಾರ ಬಂತು. ಬುಗುರಿ ಕೌಂಟರಿನ ಹಿಂದೆ ಎರಡೂ ಕೈ ಜೋಡಿಸಿ ಗಾಜಿನ ಗೊಂಬೆಯಂತೆ ನಿಂತಳು. ಮೇಷ್ಟ್ರು ಪಕ್ಕದಲ್ಲಿ ಗಡ್ಡ ನೀವುತ್ತ ನಿಂತರು. ಬಂದವರು ಅವಳ ನಗು ನೋಡಿ ಅನುಮಾನದಿಂದ ದೂರ ಸರಿದು ಪಕ್ಕದ ಚೀಲಗಳ ಕೌಂಟರಿನ ಕಡೆ ಹೋದರು. ಒಬ್ಬ ನರ್ಸು, ಅವಳ ಹಳೆಯ ಗಿರಾಕಿ, ಹತ್ತಿರ ಬಂದು, “ಯಾಕಕ್ಕಾ, ಯಾರಾದ್ರೂ ಬೈದ್ರಾ?” ಎಂದು ಕೇಳಿ ಕೈ ಹಿಸುಕಿ ಹೋದಳು. ಮಧ್ಯಾಹ್ನದವರೆಗೆ ಒಂದು ಸೀಸೆಯೂ ಅಲುಗಲಿಲ್ಲ. ಹಿಮ್ಮಡಿಯ ಇರುವೆಗಳು ಮೊಣಕಾಲಿಗೆ, ಮೊಣಕಾಲಿನಿಂದ ಸೊಂಟಕ್ಕೆ ಹತ್ತಿದವು.

“ಒಳ್ಳೇ ಪ್ರಗತಿ” ಎಂದರು ಮೇಷ್ಟ್ರು. “ನಗು ಸ್ವಲ್ಪ ಒಳಗಿನಿಂದ ಬರಲಿ. ಈಗ ಈ ಸುಗಂಧದ ಆತ್ಮವನ್ನ ನೆನೆಸಿಕೊಳ್ಳಿ. ಯಾವ ಆತ್ಮ ಅಂದ್ರೆ...”

ಇರುವೆ ನೆತ್ತಿಗೇರಿತು. ಬುಗುರಿ ಅವರ ಮಣಿಕಟ್ಟು ಹಿಡಿದು ಎಳೆದು, ಗುಲಾಬಿ ಸೀಸೆಯಿಂದ ಭರ್ರನೆ ಚಿಮುಕಿಸಿದಳು.

“ನಡೀರಿ ಸಾರ್. ಸೇತುವೆ ತನಕ ಹೋಗಿ ಬನ್ನಿ.”

“ಏನ್ರೀ ಇದು! ಇದು ಹೆಂಗಸರದು!”

“ಮೂಗಿಗೆ ಅದೆಲ್ಲ ಗೊತ್ತಾಗಲ್ಲ. ಹೊರಡಿ, ಹೊರಡಿ.”

ಅವರು ಪ್ರತಿಭಟಿಸುತ್ತಲೇ ಬಾಗಿಲಿನಾಚೆ ಇದ್ದರು. ತನ್ನ ಕಥೆ ಮುಗಿಯಿತೆಂದು ಬುಗುರಿ ಮೈಮೇಲಿನ ಭಾರ ಇಳಿಸಿದವಳಂತೆ ಅತ್ತಿಂದಿತ್ತ ಓಡಾಡತೊಡಗಿದಳು. ಹೇಗೂ ಸ್ಟೂಲು ಕಾದಿದೆ, ಅಲ್ಲಿಯವರೆಗೆ ಕಾಲಿಗಾದರೂ ಸುಖ. ಬಂದವರನ್ನೆಲ್ಲ ಗದರಿ ಸೇತುವೆಗೆ ಕಳಿಸಿದಳು. ಕಳಿಸಿದವರು ಒಬ್ಬೊಬ್ಬರಾಗಿ ಬಂದು ಕೊಂಡರು. ಮೇಷ್ಟ್ರು ಮಾತ್ರ ಬರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬಂದರು. ಟೈ ಸಡಿಲವಾಗಿತ್ತು, ಬೂಟಿಗೆ ಧೂಳು ಮೆತ್ತಿತ್ತು, ಮೂಗು ಮಣಿಕಟ್ಟಿಗೆ ಅಂಟಿಕೊಂಡಿತ್ತು. ಸೇತುವೆ ದಾಟಿ ಮೀನು ಹಿಡಿಯುವವರ ಪಕ್ಕ ನಿಂತಿದ್ದರಂತೆ. ಅವರಲ್ಲೊಬ್ಬ, “ಸಾರ್, ಘಮ್ ಅಂತೀರಾ, ಮದುವೆನಾ?” ಎಂದು ಕೇಳಿದನಂತೆ. ಈ ಪ್ರಶ್ನೆಯನ್ನು ಮೇಷ್ಟ್ರು ಎಲ್ಲರಿಗೂ ಬೇರೆಬೇರೆಯಾಗಿ ಹೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ತಾವು ಬಹುಕಾಲದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ‘ಸಂಚಾರಿ ವ್ಯಕ್ತಿತ್ವ’ ಎಂಬ ಸಿದ್ಧಾಂತವನ್ನು ಪ್ರಕಟಿಸಿದರು. ಇನ್ನು ಮೇಲೆ ಎಲ್ಲ ಶಾಖೆಗಳಲ್ಲೂ ಗಿರಾಕಿಗಳನ್ನು ನಡೆಸಬೇಕು. ಇದಕ್ಕೆ ಚಡಪಡಿಕೆಯ ಸ್ವಭಾವದವರೇ ಯೋಗ್ಯರು. ಅಂಥವರನ್ನು ಗುರುತಿಸಿದ್ದು ತಾವೇ.

“ಹಂಗಾದ್ರೆ ಬಾಗಿಲು?” ಎಂದಳು ಬುಗುರಿ. ಅವಳಿಗೆ ಬೇಕಾದದ್ದು ಅದೊಂದೇ.

“ಬಾಗಿಲು ನಿಮ್ಮದೇ” ಎಂದು ಮೇಷ್ಟ್ರು ಸಾಮ್ರಾಜ್ಯ ಬರೆದುಕೊಟ್ಟವರಂತೆ ಕೈ ಬೀಸಿದರು. ಆಮೇಲೆ ಕೌಂಟರಿಗೆ ಅಡ್ಡಲಾಗಿ ಒರಗಿ, ಕಣ್ಣು ಅರೆಮುಚ್ಚಿ, ದನಿ ತಗ್ಗಿಸಿ ಕೇಳಿದರು: “ನನ್ನ ಸಂಶೋಧನೆಗೆ ಒಂದೇ ಒಂದು ಪ್ರಶ್ನೆ ಬಾಕಿ. ಆಳವಾಗಿ ಯೋಚಿಸಿ ಹೇಳಿ. ನೀವು ಒಂದು ಹಣ್ಣಾಗಿದ್ದಿದ್ರೆ ಯಾವ ಹಣ್ಣಾಗಿರ್ತಿದ್ರಿ?”

“ಹಣ್ಣಾದ್ರೆ ಬುಟ್ಟೀಲಿ ಕೂತಿರಬೇಕು ಸಾರ್, ನನ್ನ ಕೈಲಾಗಲ್ಲ” ಎಂದಳು ಬುಗುರಿ. “ಸ್ವಲ್ಪ ಸರೀರಿ, ಗಿರಾಕಿ ಬಂದ್ರು.”