ಬೀಜಿಯ ಕಾರ್ಡಿಗೆ ಇನ್ನೊಂದು ಹೆಸರು

ದೆಹಲಿಯ ರೇಷನ್ ಕಚೇರಿಯ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಈ ನಗರದ ಒಂದು ಕಂಪನಿಯಲ್ಲಿ ಟೈಪಿಸ್ಟ್ ಆಗಿರುವ ಚಿಕ್ಕಮ್ಮನಿಗೆ ನಲವತ್ತಾರು ವರ್ಷ, ಮದುವೆಯಾಗಿಲ್ಲ. "ಒಬ್ಬಳೇ ಹೇಗಿರ್ತಾಳೋ, ಊರಿಗೆ ಕರಕೊಂಡು ಬಾ" ಎಂದು ಅಮ್ಮ ನನ್ನನ್ನು ಕಳಿಸಿದ್ದಾಳೆ.

ಬಂದು ನೋಡಿದರೆ ಅವಳು ಒಬ್ಬಳೇ ಇಲ್ಲ. ಲಜಪತ್ ನಗರದಲ್ಲಿ ಅವಳಿರುವ ಮನೆಯ ಒಡತಿ ಎಪ್ಪತ್ತು ದಾಟಿದ ಪಂಜಾಬಿ ವಿಧವೆ, ಎಲ್ಲರ ಬಾಯಲ್ಲೂ ಬೀಜಿ, ಅಂದರೆ ಅಮ್ಮ. ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ಚಿಕ್ಕಮ್ಮ ಎರಡನೆಯ ಚಳಿಗಾಲಕ್ಕೇ ಕೆಳಗಿಳಿದು ಬೀಜಿಯ ಜೊತೆಯಾದಳಂತೆ. ಈಗ ಒಂದೇ ಅಡುಗೆಮನೆಯಲ್ಲಿ ರೋಟಿಯೂ ಆಗುತ್ತದೆ, ಸಾರೂ ಕುದಿಯುತ್ತದೆ. ಚಿಕ್ಕಮ್ಮನ ಹೆಸರನ್ನು ಬೀಜಿಯ ಕಾರ್ಡಿಗೆ ಸೇರಿಸಲು ಮೂವರೂ ಬಂದಿದ್ದೇವೆ.

"ಇವರು ನಿಮಗೇನಾಗಬೇಕು?" ಎಂದ ಗುಮಾಸ್ತ.

"ಬೇಟಿ," ಎಂದರು ಬೀಜಿ.

ಅವನು ಅರ್ಜಿಯಲ್ಲಿದ್ದ ಹೆಸರು ನೋಡಿ ನಕ್ಕ. "ಮದ್ರಾಸಿ ಬೇಟಿಯಾ, ಮಾತಾಜಿ?"

"ನನ್ನ ಸೊಂಟ ಮುರಿದಾಗ ಮೂರು ತಿಂಗಳು ಸ್ನಾನ ಮಾಡಿಸಿದ್ದು ಇವಳು. ಅಚ್ಛಾ, ನೀನೇ ಹೇಳು, ಏನಂತ ಬರೀತೀಯ?"

ಅವನು ಮಗಳು ಎಂದೇ ಬರೆದುಕೊಂಡ. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೊಹರು ಬೀಳುವುದನ್ನು ಕಾಯುತ್ತಾ, ಊರಿಗೆ ಬರುತ್ತೀಯಾ ಎಂದು ಕೊನೆಗೂ ಕೇಳಿದೆ.

"ಬರ್ತೀವಿ," ಎಂದಳು ಚಿಕ್ಕಮ್ಮ. "ಬೇಸಿಗೆ ರಜೆಗೆ. ಎರಡು ಹಾಸಿಗೆ ಹಾಸಿರು ಅಂತ ಅಕ್ಕನಿಗೆ ಹೇಳು."