ಒಂದೊಂದು ಚಮಚ ಉಳಿದ ಡಬ್ಬಿಗಳು

ಭಾನುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಅತ್ತಿಗೆ, ಮಗಳ ಹುಟ್ಟುಹಬ್ಬದ ಕೇಕು ಹಿಡಿದು ಫ್ರಿಜ್ಜಿನ ಮುಂದೆ ನಿಂತಿದ್ದರು. ಕ್ರೀಮು ಕರಗತೊಡಗಿತ್ತು. ಒಳಗೆ ಬೆರಳಿಡಲೂ ಜಾಗವಿರಲಿಲ್ಲ. ಪ್ರತಿ ಡಬ್ಬಿಯಲ್ಲೂ ಒಂದೇ ಚಮಚ ಅನ್ನವೋ ಪಲ್ಯವೋ ಉಳಿದಿತ್ತು.

“ಇಷ್ಟೇ ಇಷ್ಟನ್ನ ಯಾವ ಗುಬ್ಬಚ್ಚಿಗೆ ಎತ್ತಿಟ್ಟಿದ್ದೀರಿ?”

“ಡಬ್ಬಿ ಖಾಲಿ ಮಾಡಿದವರೇ ತೊಳೀಬೇಕು ಅಂದವಳು ನೀನೇ ಅಲ್ವೇನೇ?” ಎಂದ ಅಣ್ಣ.

ಅತ್ತಿಗೆ ಬಟ್ಟೆ ಹೊಲಿಯುವವರು. ಅಂಗೈಯಗಲದ ತುಂಡನ್ನೂ ಬಿಸಾಡುವವರಲ್ಲ. ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು, ಕೇಕಿಗೆ ಜಾಗ ಮಾಡಿದರು. ಸುರಿದದ್ದಕ್ಕೆ ಹಿಟ್ಟು, ಮೊಟ್ಟೆ ಕಲಸಿ ಓವನ್ನಿಗಿಟ್ಟರು. ತಿಂಡಿಗೆ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಆಮೇಲೆ ಬಡಿಸುವ ತಟ್ಟೆಯಲ್ಲಿ ಒಂದೇ ತುಂಡು ಉಳಿಸಿ ಮೆಲ್ಲಗೆ ಎದ್ದರು.

“ಇದಕ್ಕೆ ಏನೇನು ಹಾಕಿದ್ರಿ ಅತ್ತಿಗೆ?” ಎಂದೆ.

ಅವರು ಸಿಂಕಿನತ್ತ ಕೈತೋರಿದರು. “ನೀನೇ ಡಬ್ಬಿ ತೊಳೀತಾ ಎಣಿಸ್ಕೊಳ್ಳಪ್ಪಾ. ಹದಿನೇಳು.”